ಚಳಿಗಾಲದ ಸಂತೆ ಮತ್ತು ತಿದ್ದಲಾಗದ ನಾಲ್ಕು ಸಾಲು

ಪತ್ರಿಕೆಯ ಎರಡನೇ ಪುಟದ ಕೆಳಮೂಲೆಯಲ್ಲಿ ‘ತಿದ್ದುಪಡಿ’ ಎಂಬ ಸಣ್ಣ ಚೌಕವೊಂದು ಇರುತ್ತದೆ. ಹೆಚ್ಚಿನ ಓದುಗರು ಅದನ್ನು ನೋಡುವುದೇ ಇಲ್ಲ. ಸೌದಿ ಅರೇಬಿಯಾದ ಒಂದು ಇಂಗ್ಲಿಷ್ ದಿನಪತ್ರಿಕೆಯ ಅಲ್ ಖೋಬರ್ ಕಚೇರಿಯಲ್ಲಿ ಉಪಸಂಪಾದಕನಾಗಿದ್ದಷ್ಟು ಕಾಲ ಆ ಚೌಕ ನನ್ನ ಜವಾಬ್ದಾರಿಯಾಗಿತ್ತು. ತಪ್ಪಾದ ಹೆಸರು, ಅದಲುಬದಲಾದ ಚಿತ್ರ, ಬದುಕಿರುವವರನ್ನು ದಿವಂಗತರೆಂದದ್ದು, ಎಲ್ಲವನ್ನೂ ಎರಡೆರಡು ಸಾಲಿನಲ್ಲಿ ಸರಿಪಡಿಸಿದ್ದೇನೆ. ಸರಿಪಡಿಸಲಾಗದೆ ಹೋದದ್ದು ಒಂದೇ ಒಂದು. ಅದು ನಾಲ್ಕು ಸಾಲಿನ ಪ್ರಕಟಣೆ. ನನಗೆ ತಿಳಿದಮಟ್ಟಿಗೆ ಅದರಲ್ಲಿ ತಪ್ಪೇ ಇರಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕಂಡಾಗ ದೊಡ್ಡ ಸುದ್ದಿಗಳ ಬಗ್ಗೆ ಕೇಳುತ್ತಾರೆ. ದೊಡ್ಡ ಸುದ್ದಿಗಳನ್ನು ಏಜೆನ್ಸಿಯವರು ಬರೆದು ಕಳಿಸುತ್ತಿದ್ದರು. ನಾವು ಅದನ್ನು ಜಾಗಕ್ಕೆ ತಕ್ಕಂತೆ ಕತ್ತರಿಸುತ್ತಿದ್ದೆವು, ಅಷ್ಟೆ. ನಾನು ಕಲಿತದ್ದೆಲ್ಲ ಸಣ್ಣ ಸುದ್ದಿಗಳಿಂದ.

ನಮ್ಮ ಕಚೇರಿಯ ಮುಖ್ಯಸ್ಥರು ಇದ್ರೀಸ್ ಎಂಬ ಸುಡಾನಿನ ಹಿರಿಯರು. ಪುಟಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೂ ಅವರು ಪ್ರತಿ ಪುಟದ ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದೇ ಓದುತ್ತಿದ್ದರು. ಯಾರು, ಏನು, ಯಾವಾಗ, ಎಲ್ಲಿ: ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅದು ಸುದ್ದಿಯಲ್ಲ, ಹರಟೆ ಎನ್ನುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ದಮ್ಮಾಮಿನ ಒಂದು ಚಿತ್ರಕಲಾ ಪ್ರದರ್ಶನದ ಪ್ರಕಟಣೆಯಲ್ಲಿ ಸಭಾಂಗಣದ ಹೆಸರು ಬಿಟ್ಟುಹೋಯಿತು. ಚಿತ್ರಕಾರರು ಇಡೀ ಸಂಜೆ ಖಾಲಿ ಕುರ್ಚಿಗಳ ಎದುರು ನಿಂತಿದ್ದರಂತೆ. ಇದ್ರೀಸ್ ಬೈಯಲಿಲ್ಲ. ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ‘ಎಲ್ಲಿ?’ ಎಂದು ಬರೆದು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟರು. ಅದು ಅಲ್ಲಿ ವರ್ಷಗಟ್ಟಲೆ ಇತ್ತು. ಮುಂದೆ ನಡೆದದ್ದಕ್ಕೆ ಇದೂ ಸ್ವಲ್ಪ ಕಾರಣ ಎಂದು ಈಗ ಅನಿಸುತ್ತದೆ.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಪ್ರತಿ ಡಿಸೆಂಬರಿನಲ್ಲಿ ನಾವು ಪ್ರವಾಸದ ವಿಶೇಷ ಪುಟ ತರುತ್ತಿದ್ದೆವು. ಚಳಿಗಾಲದಲ್ಲಿ ಯುರೋಪಿಗೆ ಹೋಗುವ ಕುಟುಂಬಗಳು ನಮ್ಮ ಓದುಗರಲ್ಲಿ ಬಹಳ. ಆ ವರ್ಷ ಜರ್ಮನಿಯ ಕ್ರಿಸ್ಮಸ್ ಸಂತೆಗಳ ಬಗ್ಗೆ ಬರೆಯುವುದು ನನ್ನ ಪಾಲಿಗೆ ಬಂತು. ಬರೆಯಬೇಕಾದದ್ದು ‘ಚಳಿಗಾಲದ ಸಂತೆ’ ಎಂದು. ಕ್ರಿಸ್ಮಸ್ ಎಂಬ ಪದ ನಮ್ಮ ವಿದೇಶ ಪುಟದಲ್ಲಿ ಬರುತ್ತಿತ್ತು, ಒಳಪುಟಗಳಲ್ಲಿ ಬರುತ್ತಿರಲಿಲ್ಲ. ಹಾಗೆಂದು ಎಲ್ಲಿಯೂ ನಿಯಮ ಬರೆದಿಟ್ಟಿರಲಿಲ್ಲ. ಯಾರೂ ಹಾಕುತ್ತಿರಲಿಲ್ಲ, ಯಾಕೆಂದು ಯಾರೂ ಕೇಳುತ್ತಲೂ ಇರಲಿಲ್ಲ.

ನಾನು ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮ. ಕ್ರಿಸ್ಮಸ್ ಎಂದರೆ ನನಗೆ ಗೊತ್ತಿದ್ದದ್ದು ನೆರೆಮನೆಯಿಂದ ಬರುತ್ತಿದ್ದ ತಿಂಡಿಯ ತಟ್ಟೆ. ಹೀಗಾಗಿ ಕುತೂಹಲದಿಂದಲೇ ಓದತೊಡಗಿದೆ. ದೀಪ, ನಕ್ಷತ್ರ, ಹಾಡು ಸಿಗುತ್ತವೆ ಎಂದುಕೊಂಡಿದ್ದೆ. ಸಿಕ್ಕಿದ್ದು ಮಾಂಸದಂಗಡಿ. ಹಬ್ಬಕ್ಕೆ ಮುಂಚಿನ ವಾರಗಳು ಆ ಕಾಲದ ಕ್ರೈಸ್ತರಿಗೆ ಉಪವಾಸದ ದಿನಗಳು. ಉಪವಾಸ ಮುಗಿದ ಮೇಲಿನ ಊಟಕ್ಕೆ ಮಾಂಸ ಬೇಕು, ಮುಂದಿನ ಹಿಮದ ತಿಂಗಳುಗಳಿಗೆ ದಾಸ್ತಾನೂ ಬೇಕು. ಆದ್ದರಿಂದ ಹಬ್ಬದ ಮೊದಲು ಕೆಲವು ದಿನ ಮಾಂಸ ಮಾರಲು ರಾಜರು ಅಪ್ಪಣೆ ಕೊಟ್ಟರು. ಮಾಂಸ ಕೊಳ್ಳಲು ಬಂದವರಿಗಾಗಿ ರೊಟ್ಟಿಯವನು ಬಂದ, ಬುಟ್ಟಿ ಹೆಣೆಯುವವನು ಬಂದ, ಮರದ ಆಟಿಕೆಯವನು ಬಂದ. ಉಡುಗೊರೆ, ದೀಪಗಳೆಲ್ಲ ನಿಧಾನವಾಗಿ ಸೇರಿಕೊಂಡವು. ರಂಜಾನಿನ ಕೊನೆಯ ದಿನಗಳಲ್ಲಿ ನಮ್ಮ ಪೇಟೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಇನ್ನೊಂದು ವಿಷಯವೂ ಹೊಳೆಯಿತು. ಕಚೇರಿಯ ಎಚ್ಚರಿಕೆಗೆಂದು ಬಳಸುತ್ತಿದ್ದ ‘ಚಳಿಗಾಲದ ಸಂತೆ’ ಎಂಬ ಹೆಸರು ಇತಿಹಾಸದ ಪ್ರಕಾರವೂ ಸರಿಯಾಗಿಯೇ ಇತ್ತು.

ಲೇಖನದಲ್ಲಿ ನಾನು, ಇವುಗಳಲ್ಲಿ ಅತ್ಯಂತ ಹಳೆಯದು ಡ್ರೆಸ್ಡೆನ್ ನಗರದ ಸಂತೆ ಎಂದು ಬರೆದೆ. ವಾರದೊಳಗೆ ಪತ್ರ ಬಂತು. ಹೆಲ್ಗಾ ಎಂಬ ಜರ್ಮನ್ ಮಹಿಳೆ, ಖೋಬರ್ ಹತ್ತಿರದ ಒಂದು ಕಾಂಪೌಂಡಿನ ನಿವಾಸಿ. ತಮ್ಮ ಊರು ಬೌಟ್ಸನ್, ಅಲ್ಲಿಯ ಸಂತೆ ಡ್ರೆಸ್ಡೆನ್ನಿನದಕ್ಕಿಂತ ಹಳೆಯದು, ದಾಖಲೆ ಇದೆ ಎಂದು ಬರೆದಿದ್ದರು. ಪರಿಶೀಲಿಸಿದೆ, ಅವರು ಹೇಳಿದ್ದು ನಿಜವಿತ್ತು. ತಿದ್ದುಪಡಿ ಹಾಕಿದೆ. ಅದನ್ನು ಓದಿ ಕೈಗಾರಿಕಾ ನಗರ ಜುಬೈಲಿನಿಂದ ಡ್ರೆಸ್ಡೆನ್ ಮೂಲದ ಎಂಜಿನಿಯರೊಬ್ಬರು, ಬೌಟ್ಸನ್ನಿನದು ಬರೀ ಮಾಂಸದ ಸಂತೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಬರೆದರು. ಡ್ರೆಸ್ಡೆನ್ನಿನದೂ ಮಾಂಸದ ಸಂತೆಯಾಗಿಯೇ ಹುಟ್ಟಿದ್ದು ಎಂದು ಅವರಿಗೆ ಉತ್ತರಿಸಿದೆ. ಮೂರನೆಯ ಜರ್ಮನ್ ಬಂದರೆ ಆ ಪುಟವನ್ನೇ ಅವರಿಗೆ ಬಿಟ್ಟುಕೊಡು ಎಂದು ಇದ್ರೀಸ್ ನಗಾಡಿದರು. ಹೊಸಬರು ನೆನಪಿಡಬೇಕಾದದ್ದು ಇಷ್ಟೇ: ‘ಅತ್ಯಂತ ಹಳೆಯ’ ಎಂದು ನೀವಾಗಿ ಬರೆಯಬೇಡಿ, ಹಾಗೆ ಹೇಳಿದವರ ಬಾಯಿಂದಲೇ ಹೇಳಿಸಿ.

ಹೆಲ್ಗಾ ಅವರನ್ನು ಕಾಣಲು ಹೋದೆ. ಕಾಂಪೌಂಡ್ ಎಂದರೆ ಎತ್ತರದ ಗೋಡೆಯೊಳಗಿನ ವಿದೇಶಿಯರ ವಸತಿ. ಕೆಲವು ವರ್ಷಗಳ ಹಿಂದೆ ಇಂಥ ವಸತಿಗಳ ಮೇಲೆ ಉಗ್ರರ ದಾಳಿಗಳಾಗಿದ್ದವು. ಗೇಟಿನ ಮುಂದೆ ಕಾಂಕ್ರೀಟ್ ದಿಮ್ಮಿಗಳು, ಕಾರಿನ ಅಡಿಗೆ ಕನ್ನಡಿ ಹಿಡಿದು ನೋಡುವ ಕಾವಲುಗಾರರು. ಒಳಗಿನವರು ನಮ್ಮ ಹೆಸರು, ಇಕಾಮಾ ಎಂಬ ವಾಸದ ಪರವಾನಗಿಯ ಸಂಖ್ಯೆ ಮೊದಲೇ ಕೊಟ್ಟಿದ್ದರೆ ಮಾತ್ರ ಪ್ರವೇಶ. ಒಳಗೆ ಈಜುಕೊಳದ ಸುತ್ತ ಹೆಲ್ಗಾ ಮತ್ತು ಗೆಳತಿಯರು ಪ್ರತಿ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಮೇಜು ಹಾಕುತ್ತಿದ್ದರು. ಕೈಯಿಂದ ಮಾಡಿದ್ದು ಮಾತ್ರ ಇಡಬಹುದು, ಅಂಗಡಿಯ ಮಾಲಿಗೆ ಜಾಗವಿಲ್ಲ. ಹುಲ್ಲಿನ ನಕ್ಷತ್ರ, ಮೇಣದಬತ್ತಿ, ಉಣ್ಣೆಯ ಕಾಲುಚೀಲ, ದಾಲ್ಚಿನ್ನಿ ಲವಂಗ ಹಾಕಿ ಕಾಯಿಸಿದ ದ್ರಾಕ್ಷಿರಸ. ಅವರ ಪ್ರಾಂತದಲ್ಲಿ ಒಣಗಿದ ಪ್ಲಮ್ ಹಣ್ಣುಗಳನ್ನು ಕಡ್ಡಿಗೆ ಚುಚ್ಚಿ, ಹೊಗೆಕೊಳವೆ ಗುಡಿಸುವವನ ಗೊಂಬೆ ಮಾಡುತ್ತಾರಂತೆ. ಹೆಲ್ಗಾ ಅದನ್ನು ಖರ್ಜೂರದಲ್ಲಿ ಮಾಡಿದ್ದರು. ಇದು ಡ್ರೆಸ್ಡೆನ್ನಿನವರದ್ದು, ಆದರೂ ಚೆನ್ನಾಗಿದೆ ಎಂದು ಒಪ್ಪಿಕೊಂಡರು.

ಇಪ್ಪತ್ತು ಡಿಗ್ರಿ ಬಿಸಿಲಿನಲ್ಲಿ ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದರು. ಇದರಲ್ಲಿ ಜನರನ್ನು ಸೆಳೆಯುವುದೇನು ಎಂದು ಕೇಳಿದೆ.

“ಇಲ್ಲಿ ಯಾರಿಗೂ ತುರ್ತಾಗಿ ಬೇಕಾದ ವಸ್ತು ಒಂದೂ ಇಲ್ಲ,” ಎಂದರು ಹೆಲ್ಗಾ. “ಅದಕ್ಕೇ ಜನ ಅವಸರ ಮಾಡುವುದಿಲ್ಲ. ನಿಂತು, ಇದೇನು ಎಂದು ಕೇಳುತ್ತಾರೆ.”

ಈ ಮಾತನ್ನು ನಾನು ಮನೆಗೆ ಬಂದು ಲಿಲ್ಲಿಬಾಯಿಗೆ ಹೇಳಿದೆ. ಲಿಲ್ಲಿಬಾಯಿ ನಮ್ಮದೇ ಕಟ್ಟಡದ ಮೂರನೆಯ ಮಹಡಿಯವರು, ಮಂಗಳೂರಿನ ಕ್ರೈಸ್ತರು, ಇಂಡಿಯನ್ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಟೀಚರ್. ಗಂಡ ವಿಕ್ಟರ್ ಜುಬೈಲಿನಲ್ಲಿ ಕೆಲಸಕ್ಕಿದ್ದು ವಾರದ ಕೊನೆಗೆ ಬರುತ್ತಿದ್ದರು. ಬೇರೆ ಧರ್ಮದ ಹಬ್ಬಗಳನ್ನು ಅಲ್ಲಿ ಬಹಿರಂಗವಾಗಿ ಮಾಡುವಂತಿರಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಅವರ ಅಡುಗೆಮನೆಯ ಬಾಗಿಲು ನಾಲ್ಕು ದಿನ ಮುಚ್ಚಿರುತ್ತಿತ್ತು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುತ್ತಿತ್ತು. ನನ್ನ ಹೆಂಡತಿ ಜುಬೇದಾ ಹಿಟ್ಟಿನ ಸಣ್ಣ ಉಂಡೆಗಳನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿಕೊಡುತ್ತಿದ್ದಳು. ಆ ಸುರುಳಿ ಕಿಡಿಯೊ. ಅದರ ಜೊತೆಗೆ ತೆಂಗಿನಕಾಯಿ ತುಂಬಿದ ನೆವ್ರಿ, ಹೂವಿನ ಅಚ್ಚಿನ ಕೊಕ್ಕಿಸ್. ಎಲ್ಲ ಸೇರಿದರೆ ಕುಸ್ವಾರ್, ಕರಾವಳಿಯ ಕ್ರಿಸ್ಮಸ್ ತಿಂಡಿ. ಅದು ಆರೇಳು ಪರಿಚಿತ ಮನೆಗಳಿಗೆ ಮುಚ್ಚಿದ ತಟ್ಟೆಯಲ್ಲಿ ಹೋಗುತ್ತಿತ್ತು.

ಲಿಲ್ಲಿಬಾಯಿ ಕೇಳಿದ್ದು ಒಂದೇ ಪ್ರಶ್ನೆ. “ಅಲ್ಲಿ ನಂಗೂ ಒಂದು ಮೇಜು ಸಿಗ್ತದಾ ಸಾಹೇಬ್ರೆ?”

ಮಾರಿ ಎಂತ ಸಿಗುತ್ತದೆ ಎಂದು ಜುಬೇದಾ ಚುಡಾಯಿಸಿದಳು.

“ಮಾರ್ಲಿಕ್ಕಲ್ಲ ಮಾರಾಯ್ತಿ. ಹದಿನಾರು ವರ್ಷ ಆಯ್ತು ಬಾಗಿಲು ಹಾಕಿ ಮಾಡುದು. ನಮ್ಮವ್ರು ತಿಂದು ಕೈ ಒರಸಿ ಹೋಗ್ತಾರೆ. ಒಂದು ಸಲ ಬಟ್ಟೆ ಹಾಸಿ ಇಡ್ಬೇಕು, ಗುರ್ತ ಇಲ್ಲದವ್ರು ಬಂದು ಇದು ಎಂತ ಅಂತ ಕೇಳ್ಬೇಕು.”

ಮರುವಾರ ಒಂದು ತಟ್ಟೆ ಕುಸ್ವಾರನ್ನು ಹೆಲ್ಗಾ ಅವರಿಗೆ ತಲುಪಿಸಿದೆ. ಅವರು ಒಂದು ಕಿಡಿಯೊ ಎತ್ತಿ ಬೆಳಕಿಗೆ ಹಿಡಿದು, ಗೆರೆಗಳನ್ನು ಎಣಿಸುವವರಂತೆ ನೋಡಿದರು. ಬಾಚಣಿಗೆಯ ವಿಷಯ ಕೇಳಿ ನಕ್ಕರು. ಹೊರಗಿನವರಿಗೆ ಅವರು ಕೊಡುತ್ತಿದ್ದದ್ದು ಎರಡೇ ಮೇಜು, ಅದಕ್ಕೂ ಸರತಿ ಇತ್ತು. ಮುಂದಿನ ವರ್ಷಕ್ಕೆ ಒಂದು ಲಿಲ್ಲಿಬಾಯಿಗೆ ಎಂದು ಬರೆದುಕೊಂಡರು.

ಮುಂದಿನ ಡಿಸೆಂಬರ್ ಬರುವಷ್ಟರಲ್ಲಿ ವಿಕ್ಟರ್ ಅವರ ಕಾಂಟ್ರಾಕ್ಟ್ ಮುಗಿಯುತ್ತ ಬಂದಿತ್ತು. ಜನವರಿಯಲ್ಲಿ ಫೈನಲ್ ಎಕ್ಸಿಟ್, ಅಂದರೆ ಕೊನೆಯ ಸಲ ಹೊರಡುವುದು. ಹೀಗಾಗಿ ಆ ಮೇಜು ಲಿಲ್ಲಿಬಾಯಿಯ ಮೊದಲನೆಯದೂ ಹೌದು, ಕೊನೆಯದೂ ಹೌದು. ಊರಿನಿಂದ ಅಂಚಿಗೆ ಕಸೂತಿ ಹಾಕಿದ ಬಿಳಿ ಮೇಜುಬಟ್ಟೆ ತರಿಸಿದರು. ಕಿಡಿಯೊ, ನೆವ್ರಿ ಎಂದರೇನೆಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಾರ್ಡುಗಳನ್ನು ಮಾಡಿಟ್ಟರು.

ನಾನು ಇದನ್ನು ‘ಈ ವಾರ’ ಅಂಕಣಕ್ಕೆ ಬರೆದೆ. ಯಾರೂ ಬರೆಯಲು ಹೇಳಿರಲಿಲ್ಲ. ನೆರೆಯವರಿಗೆ ಒಂದು ಉಪಕಾರವಾಗಲಿ ಎಂದುಕೊಂಡೆ. ಮೊದಲ ಕರಡಿನಲ್ಲಿ ಖೋಬರ್ ಎಂದಷ್ಟೇ ಇತ್ತು. ಇದ್ರೀಸ್ ಅವರ ಕೆಂಪು ಪೆನ್ನು ‘ಎಲ್ಲಿ?’ ಎಂದು ಕೇಳಿತು. ನಾನು ಸೇರಿಸಿದೆ. ಅಚ್ಚಾದದ್ದರ ಕನ್ನಡ ಹೀಗೆ: ‘ಕೈಕೆಲಸದ ವಸ್ತುಗಳ ಚಳಿಗಾಲದ ಸಂತೆ ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ,’ ಆಮೇಲೆ ಕಾಂಪೌಂಡಿನ ಹೆಸರು, ಗೇಟಿನ ಸಂಖ್ಯೆ. ‘ಹುಲ್ಲಿನ ನಕ್ಷತ್ರ, ಖರ್ಜೂರದ ಗೊಂಬೆ, ಶ್ರೀಮತಿ ಲಿಲ್ಲಿ ಅವರು ಮನೆಯಲ್ಲೇ ಬೇಕ್ ಮಾಡಿದ ಭಾರತೀಯ ಸಿಹಿ ತಿನಿಸು ಇರುತ್ತವೆ. ಎಲ್ಲರಿಗೂ ಸ್ವಾಗತ.’ ಆಗ ವಾರದ ರಜೆ ಗುರುವಾರ, ಶುಕ್ರವಾರ ಇತ್ತು. ಪ್ರಕಟಣೆ ಬಂದದ್ದು ಮಂಗಳವಾರ.

ಬೆಳಿಗ್ಗೆ ಹತ್ತಕ್ಕೆ ಹೆಲ್ಗಾ ಫೋನ್ ಮಾಡಿದರು. ದನಿ ಏರಿರಲಿಲ್ಲ. “ನೀವು ಬರೆದದ್ದೆಲ್ಲ ನಿಜ. ಅದೇ ತೊಂದರೆ,” ಎಂದರು. ಗೇಟಿನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತಂತೆ. ದಾರಿ ಕೇಳುವವರು, ಮಕ್ಕಳನ್ನು ಕರೆತರಬಹುದೇ ಎನ್ನುವವರು, ಇಂಥದ್ದಕ್ಕೆ ಅನುಮತಿ ಕೊಟ್ಟವರಾರು ಎಂದು ವಿಚಾರಿಸುವ ಒಬ್ಬಿಬ್ಬರು. ಕಾಂಪೌಂಡಿನ ಮ್ಯಾನೇಜರ್ ಸಂತೆಯನ್ನು ರದ್ದು ಮಾಡಿದ್ದರು.

ತಿದ್ದುಪಡಿಯ ಚೌಕ ತೆರೆದು ಕುಳಿತೆ. ಇದ್ರೀಸ್ ಬಂದು ಬೆನ್ನ ಹಿಂದೆ ನಿಂತರು.

“ಯಾವ ಪದ ತಪ್ಪಾಗಿದೆ?”

“ಯಾವುದೂ ಇಲ್ಲ.”

“ಹಾಗಾದರೆ ಏನನ್ನು ತಿದ್ದುತ್ತೀ?”

ಸಂತೆ ರದ್ದಾಗಿದೆ ಎಂದಾದರೂ ಹಾಕಬಹುದಲ್ಲ ಎಂದೆ.

“ಎಲ್ಲಿಯ ಸಂತೆ ಎಂದು ಹೇಳದೆ ಹಾಕಿದರೆ ಯಾರಿಗೂ ಅರ್ಥವಾಗುವುದಿಲ್ಲ. ಹೇಳಿದರೆ ಅದೇ ಗೇಟನ್ನು ಎರಡನೆಯ ಸಲ ತೋರಿಸಿದಂತೆ,” ಎಂದರು. ‘ಎಲ್ಲಿ?’ ಎಂದು ಕೇಳಿದ್ದು ತಾನೇ ಎಂದೂ ಸೇರಿಸಿದರು. ಕೇಳುವುದು ಅವರ ಕೆಲಸ. ಆ ಗೋಡೆ, ಆ ದಿಮ್ಮಿಗಳನ್ನು ಕಣ್ಣಾರೆ ಕಂಡು ಬಂದಿದ್ದವನು ನಾನು.

ಮಧ್ಯಾಹ್ನ ಮ್ಯಾನೇಜರನ್ನು ಕಾಣಲು ಹೋದೆ. ಜೋರ್ಡಾನಿನವರು. ಮರ್ಯಾದೆಯಿಂದ ಚಹಾ ಕೊಟ್ಟು, ನಮ್ಮ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ಈ ಗೋಡೆ ಯಾಕಿದೆ ಗೊತ್ತಲ್ಲ? ಒಳಗೆ ಮಲಗುವವರನ್ನು ಕಾಯುವುದು ನನ್ನ ಕೆಲಸ. ನೀವು ‘ಎಲ್ಲರಿಗೂ ಸ್ವಾಗತ’ ಎಂದು ಬರೆದು ನನ್ನ ಗೇಟನ್ನು ಕಾಗದದ ಮೇಲೆ ತೆರೆದುಬಿಟ್ಟಿರಿ.”

ತಪ್ಪು ನನ್ನದು, ಇಡೀ ವರ್ಷ ಕೈಕೆಲಸ ಮಾಡಿದ ಹೆಂಗಸರದ್ದಲ್ಲ ಎಂದಷ್ಟು ಹೇಳಿದೆ. ಹೆಲ್ಗಾ ಕೂಡ ಬಂದು ಕುಳಿತರು. ಕೊನೆಗೆ ಮ್ಯಾನೇಜರ್ ಒಪ್ಪಿದ್ದು ಇಷ್ಟು: ಸಂತೆ ನಡೆಯಲಿ, ನಿವಾಸಿಗಳಿಗೆ ಮಾತ್ರ. ಹೊರಗಿನ ಒಬ್ಬರ ಹೆಸರೂ ಗೇಟಿನ ಪಟ್ಟಿಯಲ್ಲಿರಬಾರದು. ಸಂತೆ ಉಳಿಯಿತು. ಲಿಲ್ಲಿಬಾಯಿಯ ಮೇಜು ಹೋಯಿತು.

ಮೂರನೆಯ ಮಹಡಿಗೆ ಜುಬೇದಾಳನ್ನು ಜೊತೆಗೆ ಕರೆದುಕೊಂಡು ಹೋದೆ. ಒಬ್ಬನೇ ಹೋಗಿ ಹೇಳುವ ಧೈರ್ಯ ಇರಲಿಲ್ಲ. ಲಿಲ್ಲಿಬಾಯಿ ಎಣ್ಣೆಯಿಂದ ಜಾಲರಿ ಎತ್ತಿ ಹಿಡಿದುಕೊಂಡೇ ಕೇಳಿಸಿಕೊಂಡರು. ಮೇಜಿನ ಮೇಲೆ ಆರು ಟ್ರೇ ತುಂಬಿದ್ದವು.

“ಪೇಪರಿನವ್ರ ಹತ್ರ ಎಂತದೂ ಹೇಳ್ಬೇಡ ಅಂತ ಇವ್ರು ಹೇಳಿದ್ರು,” ಎಂದರು. “ನಾನು ಹೇಳಿದೆ, ಹಮೀದ್ ಸಾಹೇಬ್ರು ನಮ್ಮೂರಿನವ್ರಲ್ವಾ ಅಂತ.”

ಅಷ್ಟೇ ಹೇಳಿ ಒಲೆಯ ಕಡೆ ತಿರುಗಿದರು. ವೃತ್ತಿಯಲ್ಲಿ ನನ್ನನ್ನು ಬೈದವರು ಬಹಳ ಜನ. ಅವರ ಮಾತುಗಳು ನೆನಪಿಲ್ಲ, ಇದು ನೆನಪಿದೆ.

ಬುಧವಾರ ರಾತ್ರಿ ಅವರೇ ಜುಬೇದಾಗೆ ಹೇಳಿ ಕಳಿಸಿದರು: ತಾನು ಒಳಗೆ ಹೋಗದಿದ್ದರೂ ತಿಂಡಿ ಹೋಗಲಿ, ಗೇಟಿನವರೆಗೆ ಕಾರು ಬೇಕು. ಹೆಂಗಸರು ಕಾರು ಓಡಿಸುವಂತಿರಲಿಲ್ಲ, ವಿಕ್ಟರ್ ಆ ವಾರ ಡ್ಯೂಟಿಯಲ್ಲಿದ್ದರು. ಗುರುವಾರ ಅಸರ್ ನಮಾಜು ಮುಗಿಸಿ ಹೊರಟೆ. ಹಿಂದಿನ ಸೀಟಿನಲ್ಲಿ ಜುಬೇದಾ ಮತ್ತು ಲಿಲ್ಲಿಬಾಯಿ, ಇಬ್ಬರ ತೊಡೆಯ ಮೇಲೂ ಟ್ರೇಗಳು. ಹೆಲ್ಗಾ ಒಳಗಿನಿಂದ ತಳ್ಳುಗಾಡಿ ತಂದು ಐದು ಟ್ರೇ, ಕಾರ್ಡುಗಳನ್ನೆಲ್ಲ ತೆಗೆದುಕೊಂಡು ಹೋದರು. ಆರನೆಯದನ್ನು ಲಿಲ್ಲಿಬಾಯಿ ಇಟ್ಟುಕೊಂಡರು, ಕಾವಲಿನವರಿಗೆ ಎಂದರು. ಖಾಲಿ ಟ್ರೇ ಬರುವವರೆಗೆ ಕಾಯುತ್ತೇನೆ ಎಂದೂ ಹೇಳಿದರು.

ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಸೊಂಟದೆತ್ತರದ ಒಂದು ಕಾಂಕ್ರೀಟ್ ದಿಮ್ಮಿಯ ಪಕ್ಕ ನಿಂತಿದ್ದೆವು. ಟ್ರೇ ಹಿಡಿದು ಕೈ ಸೋತಿತೇನೋ, ಲಿಲ್ಲಿಬಾಯಿ ಚೀಲದಿಂದ ಆ ಬಿಳಿ ಮೇಜುಬಟ್ಟೆ ತೆಗೆದು ದಿಮ್ಮಿಯ ಮೇಲೆ ಹಾಸಿ, ಟ್ರೇಯನ್ನು ಅದರ ಮೇಲಿಟ್ಟರು. ಕಾವಲುಗಾರರಲ್ಲಿ ಒಬ್ಬ ಸೌದಿ ಹತ್ತಿರ ಬಂದ. ಓಡಿಸಲು ಬಂದ ಎಂದುಕೊಂಡೆ. ಆತ ಟ್ರೇಯ ಮೇಲೆ ಬಾಗಿದ.

“ಐಶ್ ಹಾದಾ?” ಇದೇನು?

ಲಿಲ್ಲಿಬಾಯಿ ನನ್ನ ಮುಖ ನೋಡಿದರು. ಆಮೇಲೆ ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ, ಕೈಯನ್ನೇ ಬಾಚಣಿಗೆ ಮಾಡಿ, ಹಿಟ್ಟು ಹೇಗೆ ಒತ್ತುವುದು, ಹೇಗೆ ಸುರುಳಿಯಾಗುವುದು ಎಂದು ತೋರಿಸಿದರು. ಆತ ಒಂದು ತಿಂದ. ಜೊತೆಯವನನ್ನು ಕರೆದ.

ಅರ್ಧ ಗಂಟೆ ಕಳೆದಿರಬೇಕು. ಒಳಗಿನಿಂದ ಒಬ್ಬ ಹೆಂಗಸು ಲಿಲ್ಲಿಬಾಯಿಯ ಟ್ರೇಯನ್ನೇ ಹಿಡಿದು ಗೇಟು ದಾಟಿ ಬಂದರು. ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಟ್ರೇಯಲ್ಲಿ ಎರಡು ಹುಲ್ಲಿನ ನಕ್ಷತ್ರ ಇದ್ದವು. ಅವರ ಹಿಂದೆ ಇನ್ನಿಬ್ಬರು ಬಂದರು, ಆಮೇಲೆ ಮಕ್ಕಳ ಕೈ ಹಿಡಿದ ಒಂದು ಕುಟುಂಬ. ಯಾರೋ ಬಿಸಿ ದ್ರಾಕ್ಷಿರಸದ ಫ್ಲಾಸ್ಕ್ ತಂದರು. ಒಬ್ಬರು ಹಣ್ಣಿನ ರೊಟ್ಟಿಯ ತುಂಡು ಇಟ್ಟು ನೆವ್ರಿ ಒಯ್ದರು. ಹೊರಗಿನವರು ಒಳಗೆ ಹೋಗುವಂತಿರಲಿಲ್ಲ. ಒಳಗಿನವರು ಹೊರಗೆ ಬರಬಾರದು ಎಂದು ಯಾರೂ ಹೇಳಿರಲಿಲ್ಲ. ಹಳೆಯ ಊರುಗಳ ಸಂತೆ ಕೋಟೆಯ ಬಾಗಿಲಲ್ಲೂ ಚರ್ಚಿನ ಮೆಟ್ಟಿಲಲ್ಲೂ ಯಾಕೆ ಹುಟ್ಟುತ್ತಿತ್ತು ಎಂದು ಪುಸ್ತಕಗಳಲ್ಲಿ ಹುಡುಕಿದ್ದೆ. ಒಳಗೆ ಕೆಲವರು, ಹೊರಗೆ ಕೆಲವರು, ನಡುವೆ ಒಂದು ಬಾಗಿಲು. ಅಷ್ಟಿದ್ದರೆ ಸಾಕೆಂದು ಅಲ್ಲಿ ಕಂಡಿತು.

ಮ್ಯಾನೇಜರ್ ಕೂಡ ಬಂದರು. ಬಟ್ಟೆ ಹಾಸಿದ ದಿಮ್ಮಿಯನ್ನು, ನನ್ನನ್ನು ನೋಡಿದರು. “ಇದು ಗೇಟಿನ ಹೊರಗಿದೆ. ನನ್ನ ಪಟ್ಟಿಗೆ ಸೇರುವುದಿಲ್ಲ,” ಎಂದು ಒಂದು ನೆವ್ರಿ ಎತ್ತಿಕೊಂಡರು. ಸೂರ್ಯಾಸ್ತದ ಮಗ್ರಿಬ್ ಬಾಂಗ್ ಕೇಳುವ ಹೊತ್ತಿಗೆ ಲಿಲ್ಲಿಬಾಯಿ ಬಟ್ಟೆ ಕೊಡವಿ ಮಡಚಿದರು. ತಿಂಡಿ ಮುಗಿದಿತ್ತು, ಆದರೆ ಬದಲಿಗೆ ಬಂದದ್ದು ತುಂಬಿಕೊಂಡು ಆರು ಟ್ರೇಯಲ್ಲಿ ಒಂದೂ ಖಾಲಿ ಇರಲಿಲ್ಲ. ದಾರಿಯಲ್ಲಿ ಅವರು ಮಾತಾಡಿದ್ದು ಒಂದೇ ಸಲ. ಎಷ್ಟು ಜನ ಕೇಳಿದರು ಎಂದು ತಾನು ಲೆಕ್ಕ ಇಟ್ಟಿಲ್ಲ, ಸಾಹೇಬರು ಬರೆದುಕೊಂಡಿರಬಹುದು ಎಂದು ಜುಬೇದಾಳಿಗೆ ಹೇಳಿದರು.

ಬರೆದುಕೊಂಡಿದ್ದೆ. ಯಾರು, ಏನು, ಯಾವಾಗ, ಎಲ್ಲಿ, ನಾಲ್ಕೂ. ಶನಿವಾರ ಇದ್ರೀಸ್, ವಾರದ ಕೊನೆಯಲ್ಲಿ ಏನಾದರೂ ಸಿಕ್ಕಿತೇ ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಒಳ್ಳೆಯದು ಎಂದರು.

ಈಗ ನಾನೂ ಊರಿಗೆ ಬಂದಿದ್ದೇನೆ. ಇದನ್ನು ಬರೆಯುವ ಮುಂಚೆ ಲಿಲ್ಲಿಬಾಯಿಗೆ ಫೋನ್ ಮಾಡಿ ಅನುಮತಿ ಕೇಳಿದೆ. ಹೆಸರು ಹಾಕಿ, ಗೇಟಿನದ್ದು ಮಾತ್ರ ಹಾಕಬೇಡಿ, ಅಲ್ಲಿ ಈಗಲೂ ಮೇಜು ಹಾಕುತ್ತಾರಂತೆ ಎಂದರು. ಆ ನಾಲ್ಕು ಸಾಲನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ ಎಂದೂ ಹೇಳಿದರು. ಅದರಲ್ಲಿ ತಪ್ಪೇ ಇರಲಿಲ್ಲ, ಅದಕ್ಕೇ ತಿದ್ದಲಾಗಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ ಮಾತನ್ನು ಅವರಿಗೂ ಹೇಳಿದೆ.

“ತಪ್ಪಿಲ್ವಾ? ಬೇಕ್ ಮಾಡಿದ್ದು ಅಂತ ಹಾಕಿದ್ದೀರಲ್ಲ ಮಾರಾಯ್ರೆ. ಕುಸ್ವಾರನ್ನು ಯಾರಾದ್ರೂ ಬೇಕ್ ಮಾಡ್ತಾರಾ? ನಿಮ್ಮ ಹೆಂಡ್ತಿಯೇ ಎದುರು ಕೂತು ಸುರುಳಿ ಮಾಡಿ ಕೊಟ್ಟಿದ್ಲು.”

ಬಜಾರಿನ ಪ್ರಕಟಣೆ ಎಂದರೆ ‘ಮನೆಯಲ್ಲೇ ಬೇಕ್ ಮಾಡಿದ’ ಎಂದು ಕೈ ತಾನಾಗಿ ಬರೆಯುತ್ತಿತ್ತು. ಸ್ಥಳದ ಚಿಂತೆಯಲ್ಲಿ ಅದನ್ನು ನಾನು ನೋಡಲಿಲ್ಲ, ಇದ್ರೀಸ್ ಅವರ ಕೆಂಪು ಪೆನ್ನೂ ನೋಡಲಿಲ್ಲ. ಅವತ್ತು ಹಾಕಬೇಕಾಗಿದ್ದದ್ದನ್ನು ಈಗ ಹಾಕುತ್ತಿದ್ದೇನೆ.

ತಿದ್ದುಪಡಿ: ಚಳಿಗಾಲದ ಸಂತೆಯ ಪ್ರಕಟಣೆಯಲ್ಲಿ ಶ್ರೀಮತಿ ಲಿಲ್ಲಿ ಅವರ ತಿನಿಸುಗಳನ್ನು ಬೇಕ್ ಮಾಡಿದವು ಎಂದು ಬರೆಯಲಾಗಿತ್ತು. ಅವು ಎಣ್ಣೆಯಲ್ಲಿ ಕರಿದವು. ತಪ್ಪಿಗೆ ವಿಷಾದಿಸುತ್ತೇನೆ.